ನಡುಮನೆಯಲ್ಲಿ ಒಂದು ಸುತ್ತು

ಭಾನುವಾರ, ಬೆಳಿಗ್ಗೆ

ಡ್ರೈವಿಂಗ್ ಸ್ಕೂಲಿನ ದೊಡ್ಡ ಮೇಡಮ್ಮನವರಿಗೆ,

ಮಗಳಿಗೆ ಬರೆಯುವಾಗ ಮೊದಲು ಆಶೀರ್ವಾದ ಎಂದು ಬರೆಯುವುದು ವಾಡಿಕೆ. ಈ ಸಲ ಬರೆಯುವುದಿಲ್ಲ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ನೀನು ಹುಬ್ಬು ಹಾರಿಸುತ್ತೀಯ, ಗೊತ್ತು. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಕಾಗದದಲ್ಲಿ ಮಧ್ಯೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ತೆಪ್ಪಗೆ ಓದು.

ನೀನು ಕಳಿಸಿದ ಆಟಿಕೆಯನ್ನು ಜೋಡಿಸಿ ಮುಗಿಸಿದ್ದೇನೆ. ಯಾರ ಸಹಾಯವೂ ಇಲ್ಲದೆ. ಮುಗಿಸಿ ನಡುಮನೆಯಲ್ಲಿ ಒಂದು ಸುತ್ತು ಓಡಿಸಿಯೂ ಆಯಿತು. ಷರತ್ತು ನಿನ್ನದೇ. ಡಬ್ಬಿಯ ಮುಚ್ಚಳಕ್ಕೆ ನೀನೇ ಚೀಟಿ ಅಂಟಿಸಿದ್ದೆ: "ಅಪ್ಪಾ, ಇದನ್ನ ನೀವೊಬ್ರೇ ಜೋಡಿಸಿ, ನಡುಮನೇಲಿ ಒಂದು ಸುತ್ತು ಓಡಿಸಿ. ಎಲ್ಲೂ ತಗಲಬಾರದು. ಅಮ್ಮ ಸಾಕ್ಷಿ. ಆಗ ಕಾರಿನ ಕೀಲಿ ವಾಪಸ್ ಕೊಡ್ತೀನಿ." ಆದ್ದರಿಂದ ಕೀಲಿಯನ್ನು ಕಳಿಸು. ಕೊಟ್ಟ ಮಾತಿಗೆ ತಪ್ಪುವ ಚಾಳಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಿನ್ನಿಂದ ಶುರುವಾಗುವುದು ಬೇಡ.

ಕಾಗದ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಹೊಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಉರಿಯುತ್ತಿದೆ.

ಅವತ್ತು ನೀನು ಊಟಕ್ಕೆಂದು ಬಂದೆ. ಹೊಟ್ಟೆ ತುಂಬ ಉಂಡೆ. ಕೈ ತೊಳೆದು, ಬಾಗಿಲ ಪಕ್ಕದ ಮೊಳೆಯಿಂದ ಕೀಲಿ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟೇಹೋದೆ. ಚಿಕ್ಕ ಮಕ್ಕಳ ಕೈಯಿಂದ ಕತ್ತರಿ ಕಿತ್ತುಕೊಳ್ಳುವವರಾದರೂ ಒಂದು ಮಾತು ಪುಸಲಾಯಿಸುತ್ತಾರೆ. ನಿನಗೆ ಅದೂ ಬೇಡವಾಯಿತು. ನಿನಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನು ಯಾರು? ಕಲ್ಲುಗಣಿಯ ಹಿಂದಿನ ಬಯಲಿನಲ್ಲಿ ನೀನು ಕ್ಲಚ್ ಬಿಟ್ಟಾಗಲೆಲ್ಲ ನನ್ನ ಹಣೆ ಗಾಜಿಗೆ ಬಡಿಯುತ್ತಿತ್ತು. ಒಂದು ದಿನವಾದರೂ ಗದರಿದೆನೇ? ಈಗ ನೀನು ಊರಿಗೆಲ್ಲ ಡ್ರೈವಿಂಗ್ ಕಲಿಸುವವಳು. ಮೊದಲು ಫೇಲ್ ಮಾಡಿದ್ದು ಹೆತ್ತ ಅಪ್ಪನನ್ನು.

ಕಾರಿಲ್ಲದೆ ನಾನು ಹೇಗಿದ್ದೇನೆ ಎಂದು ಒಂದು ದಿನವಾದರೂ ಕೇಳಿದೆಯಾ? ಹೊರವಲಯದ ಟೀ ಅಂಗಡಿಯಲ್ಲಿ ಮಣ್ಣು ಅಗೆಯುವ ಗಾಡಿಯ ನಮ್ಮ ಹಳೆಯ ಆಪರೇಟರುಗಳೆಲ್ಲ ಸಂಜೆ ಸೇರುತ್ತಾರೆ. ಅಲ್ಲಿಗೆ ಬಸ್ಸಿಲ್ಲ. ಒಬ್ಬ ತನ್ನ ಮಗನ ಸ್ಕೂಟರಿನ ಹಿಂದೆ ಕೂತು ಬರುತ್ತಾನೆ, ಅವನನ್ನು ನಾವು ಎಷ್ಟು ಆಡಿಕೊಂಡಿದ್ದೇವೆ ಎಂದರೆ ನನಗೀಗ ಹಾಗೆ ಹೋಗುವ ಮುಖವಿಲ್ಲ. ಸಂಜೆಯಾದರೆ ಗೇಟಿನ ಹತ್ತಿರ ನಿಂತು ಬೇರೆಯವರ ಗಾಡಿ ಎಣಿಸುತ್ತೇನೆ. ಸಂತೋಷವಾಯಿತೇ?

ಇನ್ನು ಆ ದರ್ಜಿ ಹೆಂಗಸಿನ ವಿಷಯ. ಅವಳು ನಿನ್ನ ಹತ್ತಿರ ಉಪ್ಪುಖಾರ ಹಚ್ಚಿ ಏನೇನು ಹೇಳಿದಳೋ. ನಡೆದದ್ದು ಇಷ್ಟು. ಬೀದಿ ಖಾಲಿ ಇತ್ತು. ನಾನು ತಿರುವು ತೆಗೆದುಕೊಂಡೆ. ಖಾಲಿ ಇದ್ದ ಬೀದಿಯಲ್ಲಿ ಬಲಗಡೆಯಿಂದ ಇದ್ದಕ್ಕಿದ್ದ ಹಾಗೆ ಒಂದು ಸೈಕಲ್ಲು ಉದ್ಭವವಾಯಿತು. ಹ್ಯಾಂಡಲ್ ತಗುಲಿತು, ಅವಳು ಚರಂಡಿಯಲ್ಲಿ ಕೂತಳು, ಮೊಣಕೈ ತರಚಿತು. ನಾನೇ ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಬ್ಯಾಂಡೇಜ್ ಹಾಕಿಸಿದೆ. ಅವಳು ದೂರದಿಂದ ಬೆಲ್ ಹೊಡೆಯುತ್ತಲೇ ಬಂದಳಂತೆ. ಬೆಲ್ ಹೊಡೆದವಳು ಕಾಣಬೇಕಲ್ಲ?

ಅಷ್ಟಕ್ಕೇ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಿನ್ನ ವಯಸ್ಸಿನವನು. ಗದ್ದವನ್ನು ಒಂದು ಪೆಟ್ಟಿಗೆಗೆ ಆನಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದ. ಒತ್ತಿದೆ. ಕೊನೆಗೆ, ಬಲಗಡೆಯ ಚುಕ್ಕೆಗಳಿಗೆ ನೀವು ಒತ್ತಲೇ ಇಲ್ಲವಲ್ಲ ಎಂದ. ಅವನು ಬಲಗಡೆ ಚುಕ್ಕೆ ಹಾಕಿದ್ದರೆ ತಾನೇ ನಾನು ಒತ್ತುವುದು? ತಲೆಯೊಳಗೆ ಯಾವುದೋ ಸಣ್ಣ ರಕ್ತನಾಳ ಕಟ್ಟಿಕೊಂಡಿದೆಯಂತೆ, ಎರಡು ಕಣ್ಣಿಗೂ ಬಲಗಡೆಯ ನೋಟ ಹೋಗಿದೆಯಂತೆ, ಹೋದದ್ದು ಬರುವುದಿಲ್ಲವಂತೆ. ನನ್ನ ತಲೆಯಲ್ಲಿ ಏನಾದರೂ ಆದರೆ ನನಗೆ ತಿಳಿಯದೆ ಅವನಿಗೆ ತಿಳಿಯುತ್ತದೆಯೇ? ನೀನು ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಕೂತಿದ್ದೆ. ಅದನ್ನು ನಾನು ಮರೆಯುವುದಿಲ್ಲ.

ಅವನಿಗೆ ನನ್ನ ಕಸುಬು ಗೊತ್ತಿಲ್ಲ. ನಿನಗೆ ಗೊತ್ತಿದೆ, ಆದರೂ ಬಾಯಿ ಬಿಡಲಿಲ್ಲ. ಮಣ್ಣು ಅಗೆಯುವ ಚೈನ್ ಗಾಡಿಯಲ್ಲಿ ಆಪರೇಟರ್ ಕೂರುವುದು ಎಡಗಡೆಯ ಕ್ಯಾಬಿನ್ನಿನಲ್ಲಿ. ಅವನ ಬಲಕ್ಕೆ ಬೂಮ್, ಮನೆಯಷ್ಟು ಎತ್ತರದ ಕಬ್ಬಿಣದ ತೋಳು. ಅದರಾಚೆ ಏನಿದೆ ಎಂದು ಯಾವ ಆಪರೇಟರಿಗೂ ಕಾಣುವುದಿಲ್ಲ. ಈ ಊರಿನ ಅರ್ಧ ಕಟ್ಟಡಗಳ ಪಾಯ ತೋಡಿದ್ದು ನಾನು, ಬಲಗಡೆ ನೋಡದೆಯೇ ತೋಡಿದ್ದು. ಒಬ್ಬನ ಉಗುರಿಗೂ ಗಾಯ ಮಾಡಿಲ್ಲ. ಅಂಥವನಿಗೆ ಬಲಗಡೆ ಕಾಣುವುದಿಲ್ಲ ಎಂದು ಕೀಲಿ ಕಿತ್ತುಕೊಳ್ಳುತ್ತೀಯಾ?

ಅದೂ ಸಾಲದು ಎಂದು ಈ ಆಟಿಕೆ. ಅಂಗಡಿಯಲ್ಲಿ ನಾಲ್ಕು ಚಕ್ರದ್ದು ಇದ್ದಿರಬೇಕು, ನಡೆಯುವ ಗೊಂಬೆ ಇದ್ದಿರಬೇಕು. ನೀನು ಬೇಕೆಂದೇ ಚೈನ್ ಗಾಡಿಯನ್ನು ಆರಿಸಿದೆ. ರೋಬೋಟಿನ ಚಾಸಿ ಎಂದು ಡಬ್ಬಿಯ ಮೇಲಿತ್ತು. ಬಿಚ್ಚಿ ನೋಡಿದರೆ ಬರೀ ಸೊಂಟದ ಕೆಳಗಿನ ಭಾಗ. ತೂತುತೂತಿನ ಒಂದು ತಗಡು, ಹೆಬ್ಬೆರಳಿನಷ್ಟು ಎರಡು ಮೋಟಾರು, ಹಲ್ಲಿನ ಚಕ್ರಗಳು, ಒಂದು ಬೊಗಸೆ ಪ್ಲಾಸ್ಟಿಕ್ ಕೊಂಡಿಗಳು, ವೈರಿನ ತುದಿಗೆ ಎರಡು ಲಿವರಿನ ಪುಟ್ಟ ರಿಮೋಟು. ಡಬ್ಬಿಯನ್ನು ಮೂಲೆಗೆ ಒದ್ದೆ. ಅದು ಅಲ್ಲೇ ಬಿದ್ದಿತ್ತು. ಆಮೇಲೆ ನೀನು ಅಮ್ಮನಿಗೆ ಫೋನ್ ಮಾಡಿ, ಅಪ್ಪ ಶುರು ಮಾಡಿದರಾ, ಆಗದಿದ್ದರೆ ಬಿಡಲಿ ಎಂದೆಯಂತೆ. ಆಗದಿದ್ದರೆ! ಅವತ್ತೇ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಕೂತೆ.

ಶುರುವಿನಲ್ಲೇ ಸ್ಕ್ರೂ ಕಡಿಮೆ ಬಂದವು. ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಸಾಮಾನು ಕದಿಯುವ ಕಳ್ಳರು ಎಂದೆ. ಅವನು ಪಾಪ, ಬೇರೆ ಕಳಿಸುತ್ತೇನೆ ಎಂದ. ಆಮೇಲೆ ನಿನ್ನ ಅಮ್ಮ ಟೀ ಇಡಲು ಬಂದವಳು, ಸ್ಕ್ರೂಗಳು ನನ್ನ ಬಲಗೈ ಪಕ್ಕದ ತಟ್ಟೆಯಲ್ಲೇ ಇವೆ ಎಂದಳು. ಅವಳೇ ತಂದಿಟ್ಟಿರಬೇಕು ಎಂದು ಅವಳಿಗೂ ನಾಲ್ಕು ಮಾತು ಬಿದ್ದವು. ಟೀ ಲೋಟ ಎಲ್ಲಿಟ್ಟಳೋ ಅದೂ ಕೈ ತಾಗಿ ಉರುಳಿತು. ಅವಳಿಗೆ ಯಾವುದನ್ನೂ ಇಡುವ ಜಾಗದಲ್ಲಿ ಇಡುವ ಅಭ್ಯಾಸವಿಲ್ಲ.

ಕೆಲಸದ ಬಗ್ಗೆ ಹೇಳುತ್ತೇನೆ ಕೇಳು. ಡಬ್ಬಿಯಲ್ಲಿದ್ದ ಕಾಗದದ ಚಿತ್ರದಲ್ಲಿ ಚೈನನ್ನು ಎಳೆಯುವ ಹಲ್ಲಿನ ಚಕ್ರವನ್ನು ಮುಂದೆ ತೋರಿಸಿದ್ದರು. ನಾನು ಹಿಂದೆ ಹಾಕಿದೆ. ನಮ್ಮ ಗಾಡಿಗಳಲ್ಲಿ ಅದು ಇರುವುದೇ ಹಿಂದೆ. ಲಿವರ್ ಮುಂದಕ್ಕೆ ಒತ್ತಿದರೆ ಗಾಡಿ ಹಿಂದಕ್ಕೆ ಓಡಿತು. ವೈರು ಅದಲುಬದಲು ಮಾಡಿ ಸರಿಪಡಿಸಿದೆ, ಅದೇನು ದೊಡ್ಡ ವಿದ್ಯೆಯಲ್ಲ. ಚೈನಿಗೆ ಸ್ವಲ್ಪ ಸಡಿಲ ಬೇಕು ಎಂದು ಒಂದು ಕೊಂಡಿ ಜಾಸ್ತಿ ಸೇರಿಸಿದೆ. ತಿರುಗಿಸಿದಾಗಲೆಲ್ಲ ಚೈನು ಕಳಚಿ ಬಿತ್ತು. ಕಬ್ಬಿಣದ ಚೈನು ತನ್ನ ಭಾರಕ್ಕೇ ಕೂರುತ್ತದೆ, ಪ್ಲಾಸ್ಟಿಕ್ಕಿಗೆ ಭಾರ ಎಲ್ಲಿಯದು? ಸೂಜಿಯಿಂದ ಪಿನ್ನು ಕೆದಕಿ ಕೊಂಡಿ ತೆಗೆದೆ. ಆ ಒಂದು ವಿಷಯದಲ್ಲಿ ಚಿತ್ರ ಸರಿ, ನಾನು ತಪ್ಪು. ನನ್ನ ಕೈ ಮಾತ್ರ ಎಲ್ಲೂ ನಡುಗಲಿಲ್ಲ. ಇದನ್ನು ನೀನು ನಾಲ್ಕು ಜನರ ಮುಂದೆ ಹೇಳಬೇಕು.

ಮುಗಿದಾಗ, ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಚಪ್ಪಲಿಯನ್ನು ಅಡ್ಡ ಇಟ್ಟರೆ ಹತ್ತಿ ಇಳಿಯಿತು. ದಿಂಬು ಹತ್ತಿತು. ನಾನು ನಕ್ಕೆ ಎಂದು ಅಮ್ಮ ನಿನಗೆ ಹೇಳಿದ್ದರೆ ಅದು ಸುಳ್ಳು.

ಸಾಕ್ಷಿಯ ಸಹಿ ಹಾಕಿಸಿ ಈಗಲೇ ಅಂಚೆಗೆ ಹಾಕುತ್ತೇನೆ.

ಮಧ್ಯಾಹ್ನ

ಅಂಚೆಗೆ ಹಾಕಲಿಲ್ಲ.

ಅಮ್ಮನನ್ನು ಕರೆದು ಪೆನ್ನು ಕೊಟ್ಟೆ. ಅವಳು ಓದಲೇ ಇಲ್ಲ. ಎಲ್ಲಿ ಸೈನ್ ಹಾಕಬೇಕು ಎಂದಳು. ಓದಿ ಹಾಕು ಎಂದೆ. ನೀವು ಪಾಸು ಅಂತ ಬರೆದಿರುತ್ತೀರಿ, ಮಗಳು ಕೇಳಿದರೆ ನಾನೂ ಹಾಗೇ ಹೇಳುತ್ತೇನೆ, ನೀವು ಗೇಟಿನ ಹತ್ತಿರ ನಿಲ್ಲುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ ಎಂದಳು. ನಾನು ಪೆನ್ನು ಕಿತ್ತುಕೊಂಡೆ. ಈ ಮನೆಯಲ್ಲಿ ನನ್ನ ಮೇಲೆ ಕನಿಕರ ತೋರಿಸುವ ಕೆಲಸ ಯಾರಿಗೂ ಕೊಟ್ಟಿಲ್ಲ.

ಆದ್ದರಿಂದ ಸುತ್ತಿನ ವಿಷಯವನ್ನು ಮತ್ತೆ ಬರೆಯುತ್ತೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಓಡಿಸಿದೆ ಎಂದು ಬರೆದೆ. ತಗಲಲಿಲ್ಲ ಎಂದು ಬರೆಯಲಿಲ್ಲ.

ಸೋಫಾದ ಹತ್ತಿರ ಶುರು ಮಾಡಿದೆ. ಮೇಜಿನ ಕಾಲುಗಳ ನಡುವೆ ತೂರಿಸಿದೆ. ಎಡಗಡೆ ಗೋಡೆಗೆ ಒಂದು ಬೆರಳು ಬಿಟ್ಟು ಇಡೀ ಉದ್ದ ಓಡಿಸಿದೆ, ನಿನ್ನ ಸ್ಕೂಲಿನ ಯಾವ ಮೇಷ್ಟರಿಗೂ ಅದು ಆಗುವುದಿಲ್ಲ. ಕಪಾಟು ದಾಟಿತು. ಅಡುಗೆಮನೆಯ ಬಾಗಿಲ ಹತ್ತಿರ ಕೊನೆಯ ತಿರುವು. ಅಲ್ಲಿ ಗಾಡಿ ನಿಂತಿತು. ಮೋಟಾರು ಮುಲುಗುತ್ತಿತ್ತು, ಚೈನು ಏನನ್ನೋ ಹತ್ತಲು ನೋಡುತ್ತಿತ್ತು. ಹೊಸ್ತಿಲು ಎಂದುಕೊಂಡೆ. ಲಿವರನ್ನು ಇನ್ನೂ ಒತ್ತಿದೆ.

ಕತ್ತು ಪೂರ್ತಿ ತಿರುಗಿಸಿ ನೋಡಿದರೆ ಅದು ನಿನ್ನ ಅಮ್ಮನ ಕಾಲು.

ಯಾವಾಗ ಬಂದೆ ಎಂದು ಕೂಗಿದೆ. ಅವಳು ಹೇಳಿದಳು: "ಬಂದಿಲ್ಲ ರೀ. ಮೊದಲಿಂದ ಇಲ್ಲೇ ನಿಂತಿದ್ದೀನಿ."

ಬಾಗಿಲಿಗೆ ಒರಗಿ, ಹಳದಿ ಸೀರೆ ಉಟ್ಟು, ಇಷ್ಟು ಎತ್ತರದ ಹೆಂಗಸು. ನಾನು ಶುರು ಮಾಡುವ ಮೊದಲಿಂದ. ಗಾಡಿ ಬರುವುದು ಅವಳಿಗೆ ಕಾಣುತ್ತಿತ್ತು, ಕಾಲು ಎತ್ತಿದ್ದರೆ ಮುಗಿಯುತ್ತಿತ್ತು. ಯಾಕೆ ಎತ್ತಲಿಲ್ಲ ಎಂದೆ. "ನೋಡಿ ನಿಲ್ಲಿಸ್ತೀರಿ ಅಂದ್ಕೊಂಡೆ," ಎಂದಳು.

ಹೆಬ್ಬೆರಳಿನ ಉಗುರಿನ ಪಕ್ಕ ರಕ್ತ ಬಂದಿತ್ತು. ನಾನು ಏನು ಮಾಡಿದೆ ಗೊತ್ತೇ? ಬೈದೆ. ಬಲಗಡೆ ಬಂದು ನಿಲ್ಲುವವರು ಸಿಗ್ನಲ್ ಕೊಡಬೇಕು ಎಂದು ಬೈದೆ. ಸೈಟಿನಲ್ಲಿ ಹಾಗೇ ಇತ್ತು. ಬೂಮಿನ ಆಚೆ ಒಬ್ಬ ನಿಂತಿರುತ್ತಿದ್ದ, ಕೈಯಲ್ಲಿ ಕೆಂಪು ಬಟ್ಟೆ, ಬಾಯಲ್ಲಿ ಸೀಟಿ. ಅವನು ಬಾ ಎಂದರೆ ಬರುತ್ತಿದ್ದೆ, ನಿಲ್ಲು ಎಂದರೆ ನಿಲ್ಲುತ್ತಿದ್ದೆ. ಬೈಯುತ್ತಿದ್ದ ಹಾಗೇ ದರ್ಜಿ ನೆನಪಾದಳು. ಆ ಹೆಂಗಸಿನ ಸೈಕಲ್ಲಿಗೆ ಯಾರು ಸೀಟಿ ಊದಬೇಕಿತ್ತು? ಬಲಗಡೆ ಕಾಣದಿರುವುದು ನನಗೆ ಎಷ್ಟು ಅಭ್ಯಾಸವಾಗಿದೆ ಎಂದರೆ, ಈಗ ಅಲ್ಲಿ ಬೂಮೇ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನನಗೆ ಹೆದರಿಕೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ನಿನ್ನ ಡಾಕ್ಟರು ಹೇಳಿದ್ದು ಸರಿ ಇರಬಹುದು. ಅವನ ಮುಖ ನನಗೆ ಈಗಲೂ ಸೇರುವುದಿಲ್ಲ. ಷರತ್ತಿನ ಪ್ರಕಾರ ನಾನು ಫೇಲು. ಕೀಲಿ ನಿನ್ನ ಹತ್ತಿರವೇ ಇರಲಿ.

ಆದರೆ ನಾನು ಸೋತೆನೆಂದು ನೀನು ಗೆದ್ದ ಹಾಗಾಗಲಿಲ್ಲ. ನೀನು ಕೇಳಬೇಕಿತ್ತು. ನನ್ನೆದುರು ಕೂತು, ಅಪ್ಪಾ, ಕೀಲಿ ಕೊಡಿ ಎಂದು ಬಾಯಿ ಬಿಟ್ಟು ಕೇಳಬೇಕಿತ್ತು. ನಾನು ಕೊಡುತ್ತಿರಲಿಲ್ಲ, ಆ ಮಾತು ಬೇರೆ. ಮೊಳೆಯಿಂದ ಎತ್ತಿಕೊಂಡು ಹೋದದ್ದನ್ನು ನಾನು ಕ್ಷಮಿಸಿಲ್ಲ. ಮುಂದಿನ ಸಲ ಊಟಕ್ಕೆ ಬಂದಾಗ ನನ್ನ ಜೊತೆ ಮಾತಾಡಲು ಬರಬೇಡ. ಊಟಕ್ಕೆ ಬಾ.

ಕೋಪ ಇನ್ನೂ ಇಳಿಯದ
ಅಪ್ಪ

ವಿ. ಸೂ.: ಲಕೋಟೆಯ ಮೂಲೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಕಾರಿನ ಇನ್ನೊಂದು ಕೀಲಿ. ಇರುವುದು ಒಂದೇ ಎಂದು ನೀನು ತಿಳಿದಿದ್ದೆ. ಇದು ಇಷ್ಟು ದಿನವೂ ನನ್ನ ಶೇವಿಂಗ್ ಡಬ್ಬಿಯಲ್ಲಿತ್ತು. ನೀನಾಗಿ ತಂದುಕೊಡಲಿ ಎಂಬ ಹಟಕ್ಕೆ ಮುಟ್ಟಿರಲಿಲ್ಲ. ಈಗ ಮೇಲಿನದನ್ನೆಲ್ಲ ಬರೆದು ಸಹಿ ಹಾಕಿದ ಮೇಲೂ ಮನಸ್ಸು ಕೇಳಲಿಲ್ಲ, ಹೋಗಿ ಕಾರಿನಲ್ಲಿ ಕೂತು ಎಂಜಿನ್ ಶುರು ಮಾಡಿದೆ. ಸದ್ದು ಕೇಳಿ ನಿನ್ನ ಅಮ್ಮ ಬಂದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕುಂಟುತ್ತ. ಬೇಡ ಎನ್ನಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ನಾನು ಎಂಜಿನ್ ಆಫ್ ಮಾಡಿದೆ.