ಗುಬ್ಬಿ ಹಾಕ್ಬೇಡಮ್ಮಾ

ಅಮ್ಮಾ, ಅಂಚೆ ಕಚೇರಿಗೆ ಹೋಗ್ತಿದ್ದೀನಿ. ನೀನು ಕಟ್ಟಿಟ್ಟ ಪಾರ್ಸೆಲ್ಲೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದೀನಿ, ಬೈಕೋಬೇಡ. ಅಂಚೆ ದರ ಏರಿದೆ ಅಂತ ಎಷ್ಟು ಸಲ ಹೇಳಲಿ? ರಿಯಾಯಿತಿ ಇರೋದು ಮೂಟೆಗಟ್ಟಲೆ ಕಳಿಸೋರಿಗೆ, ನಮ್ಮಂಥೋರಿಗಲ್ಲ. ಚೀಲದ ಜೊತೆ ನೀನು ಹೊಲಿದ ಬಟ್ಟೆ ಗುಬ್ಬಿ ಬಿಟ್ಟಿಯಾಗಿ ಹಾಕಿದ್ರೆ ತೂಕ ಮೀರುತ್ತೆ, ಚೀಲ ಮಾರಿದ ಲಾಭವೆಲ್ಲ ಅಂಚೆಗೇ ಹೋಗುತ್ತೆ.

ಗುಬ್ಬಿಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಇನ್ನು ಹೊಲೀಬೇಡ. ಮುಖ ಊದಿಸ್ಕೊಂಡು ಉಪವಾಸ ಕೂರಬೇಡ, ಊಟ ಮಾಡಿ ಮಾತ್ರೆ ನುಂಗು.

ಹೋದ ವಾರ ಗುಬ್ಬಿ ಇಲ್ದೆ ಕಳಿಸಿದ ಚೀಲ ತಲುಪಿದೆ. “ಗುಬ್ಬಿ ಇಲ್ವಲ್ಲಾ, ಅದನ್ನ ಹೊಲಿಯೋ ಅಜ್ಜಿ ಇದ್ದಾರೆ ತಾನೇ?” ಅಂತ ಅದನ್ನ ತಗೊಂಡ ಹಳೇ ಗಿರಾಕಿ ಫೋನ್ ಮಾಡಿದ್ರು. ಅಮ್ಮನೇ ಮಾತಾಡ್ತಾಳೆ ಅಂದೆ. ಮತ್ತೆ ಮಾಡ್ತಾರೆ. ಫೋನ್ ಇಲ್ಲೇ ಬಿಟ್ಟಿದ್ದೀನಿ. ನೀನೇ ಎತ್ತಿ ಹೂಂ, ಇದ್ದೀನಿ ಅನ್ನು.