ಗುಂಡಿ ಡಬ್ಬಿ ಹಿಡಿದು ಹೊಳೆಗೆ ಹೋದದ್ದು

ಸೋಮವಾರ, ಬೆಳಗ್ಗೆ

ಪ್ರೀತಿಯ ಅಕ್ಕ,

ನನ್ನ ಎಡ ಹಿಮ್ಮಡಿಯೊಂದನ್ನು ಬಿಟ್ಟರೆ ಮನೆಯಲ್ಲಿ ಎಲ್ಲರೂ ಕ್ಷೇಮ. ಹಿಮ್ಮಡಿಯ ಕಥೆ ಮುಂದೆ ಬರುತ್ತದೆ. ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾದದ್ದು ಕೆಲಸದಿಂದಲ್ಲ, ನಿನ್ನ ಮೇಲಿನ ಸಿಟ್ಟಿನಿಂದ. ಇವರ ಮಗಳು ಅಜ್ಜಿ ಮನೆಗೆ ಹೋಗುವುದೇ ಒಳ್ಳೆಯದು, ನಿನಗೂ ಉಸಿರಾಡಲು ಜಾಗ ಸಿಗುತ್ತದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮುಖ ಊದಿಸಿಕೊಂಡು ಓಡಾಡಿದೆ.

ನೀನು ಹೇಳಿದ್ದು ತಪ್ಪು ಅಂತಲ್ಲ. ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಹನ್ನೆರಡು ವರ್ಷದ ಹುಡುಗಿ. ಅಮ್ಮನನ್ನು ಕಳೆದುಕೊಂಡ ದುಃಖ ಆರುವ ಮೊದಲೇ ಮನೆಗೆ ನಾನು ಬಂದು ವಕ್ಕರಿಸಿದ್ದೇನೆ. ನನ್ನನ್ನು ಏನಂತ ಕರೆಯಬೇಕೋ ಅವಳಿಗೆ ತಿಳಿಯದು, ಹಾಗಾಗಿ ಏನೂ ಕರೆಯುವುದಿಲ್ಲ. ಉಪ್ಪು ಬೇಕಿದ್ದರೆ ಉಪ್ಪಿನ ಡಬ್ಬಿಯ ಮುಖ ನೋಡಿ ಕೇಳುತ್ತಾಳೆ. ರಜೆ ಮುಗಿದ ಮೇಲೆ ಅಜ್ಜಿಯ ಊರಿನ ಶಾಲೆಗೆ ಸೇರುತ್ತೇನೆ ಅಂತ ಅವಳೇ ಅಪ್ಪನಿಗೆ ಹೇಳಿದಳು. ಇವರು ಹೂಂ ಅಂದರು. ನಾನೂ ಹೂಂಗುಟ್ಟಿದೆ.

ಹೋಗುವ ಮೊದಲು ಒಂದು ಸಲ ಹೊಳೆಗೆ ಹೋಗಿ ಬರಬೇಕು ಅಂತ ಅವಳ ಆಸೆ. ಅವಳ ಅಮ್ಮನಿಗೆ ಫ್ಲೈ ಫಿಶಿಂಗ್ ಹುಚ್ಚು ಇತ್ತಂತೆ. ಇದರಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಕೊಕ್ಕೆಗೆ ಗರಿ, ದಾರ ಸುತ್ತಿ ಸುಳ್ಳು ನೊಣ ಮಾಡಿ, ಉದ್ದನೆ ಕೋಲಿನಿಂದ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸಬೇಕು. ಮೀನು ಅದನ್ನು ನಂಬಿ ಬಾಯಿ ಹಾಕಬೇಕು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುತ್ತಾರಂತೆ. ಬಿಡುವುದಾದರೆ ಹಿಡಿಯುವುದೇಕೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕರೆದುಕೊಂಡು ಹೋಗಬೇಕಾಗಿದ್ದವರು ಇವರು. ಶನಿವಾರ ಬೆಳಗ್ಗೆ ನೀರಿನ ಪಂಪು ಕೆಟ್ಟಿದೆ ಅಂತ ಪಂಪ್‌ಹೌಸಿನವರು ಕರೆಸಿಕೊಂಡರು. ಹುಡುಗಿ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದಳು. ಅಪ್ಪ ಹೋದ ಮೇಲೂ ಬಿಚ್ಚಲಿಲ್ಲ. ನೋಡಲಾಗದೆ, ನಡಿ, ನಾನು ಬರ್ತೀನಿ ಅಂದುಬಿಟ್ಟೆ. ದಿನವಿಡೀ ಅಂಗಿಗೆ ಕಾಲರ್ ಕೂರಿಸುವ ನನಗೆ ಹೊಳೆಯೆಂದರೆ ಬಸ್ಸಿನ ಕಿಟಕಿಯಾಚೆ ಕಾಣುವುದು, ಅಷ್ಟೆ.

ಬಸ್ಸಿನಲ್ಲಿ ತೂಕಡಿಸಿ ಇಳಿಯುವ ಜಾಗ ತಪ್ಪಿಸಿದವಳು ನಾನೇ. ಇವರ ರಬ್ಬರ್ ಬೂಟಿನಲ್ಲಿ ಅಷ್ಟು ದೂರ ವಾಪಸ್ ನಡೆದು ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಕೊನೆಗೂ ಹೊಳೆ ದಂಡೆಯಲ್ಲಿ ಕೂತು ನೊಣದ ಡಬ್ಬಿ ತೆರೆದರೆ, ಒಳಗೆ ಅಂಗಿಯ ಗುಂಡಿಗಳು! ಅಕ್ಕ, ನಮ್ಮ ಮನೆಯಲ್ಲಿ ಬಿಸ್ಕತ್ತಿನ ಎರಡು ಹಳೆ ಡಬ್ಬಿಗಳಿವೆ, ಎರಡೂ ಅಚ್ಚು ಒಂದೇ ಥರ. ಒಂದರಲ್ಲಿ ಅವಳ ಅಮ್ಮ ಕೈಯಾರೆ ಕಟ್ಟಿದ ನೊಣಗಳು, ಇನ್ನೊಂದರಲ್ಲಿ ನನ್ನ ಗುಂಡಿಗಳು. ಎರಡನ್ನೂ ಒಂದೇ ಕಪಾಟಿಗೆ ಸೇರಿಸಿದವಳು ನಾನು, ಅವಸರದಲ್ಲಿ ಚೀಲಕ್ಕೆ ತುರುಕಿದವಳೂ ನಾನು.

ಹುಡುಗಿ ಗುಂಡಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಶುರುಮಾಡಿದಳು. ನಿಮಗೆ ಕಣ್ಣು ಕಾಣಲ್ವಾ, ಒಂದ್ಸಲ ಅಲ್ಲಾಡಿಸಿ ನೋಡೋಕೆ ಏನಾಗಿತ್ತು, ಅಮ್ಮ ಆಗಿದ್ರೆ ಹೀಗೆ ಮಾಡ್ತಾನೇ ಇರ್ಲಿಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದಳು. ನನ್ನ ಮುಖ ನೋಡಿಕೊಂಡು ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಒಳಗೊಳಗೇ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಗಾಳದ ದಾರದ ತುದಿಯಲ್ಲಿ ಹಳೆಯ ನೊಣವೊಂದು ಉಳಿದಿತ್ತು. ಗರಿಯನ್ನೆಲ್ಲ ಹುಳ ತಿಂದು ಬರೀ ಕೊಕ್ಕೆ. ನನ್ನ ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ದಂಡೆಯಲ್ಲಿ ಬಿದ್ದಿದ್ದ ಹಕ್ಕಿಯ ಗರಿಯೊಂದನ್ನು ಕೊಕ್ಕೆಗಿಟ್ಟು ಕಂದು ದಾರ ಸುತ್ತಿದೆ. ಸುತ್ತಿದಷ್ಟೂ ದಪ್ಪವಾಗುತ್ತಾ ಹೋಯಿತು. ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನೊಣ ಅಲ್ಲ, ಜಿರಳೆ ಅಂದಳು. ಅಂದು ಆ ಕಡೆ ತಿರುಗಿಕೊಂಡಳು. ಭುಜ ಕುಲುಕುತ್ತಿದ್ದದ್ದು ನನಗೆ ಕಾಣಿಸಿತು.

ಜಿರಳೆ ಮೊದಲು ಮರಕ್ಕೆ ಸಿಕ್ಕಿಕೊಂಡಿತು, ಆಮೇಲೆ ನನ್ನ ಸ್ವೆಟರಿನ ಬೆನ್ನಿಗೆ. ಅಲ್ಲಾಡ್ಬೇಡಿ ಅಂತ ಗದರುತ್ತಲೇ ಬಿಡಿಸಿದಳು. ಮಣಿಕಟ್ಟು ಬಗ್ಗಿಸಬಾರದು, ಕೋಲು ಹಿಂದಕ್ಕೆ ಹೋದಾಗ ಒಂದು ಗಳಿಗೆ ಕಾಯಬೇಕು ಅಂತ ನನ್ನ ಕೈ ಹಿಡಿದೇ ಹೇಳಿಕೊಟ್ಟಳು. ಕಲ್ಲಿನ ಮೇಲೆ ಕಾಲಿಟ್ಟು ನಾನು ನೀರಿನಲ್ಲಿ ಸ್ವಲ್ಪ ಕೂತೆ. ನನ್ನ ಬಗಲಲ್ಲಿದ್ದ ಬ್ರೆಡ್ಡಿನ ಚೀಲ ತೇಲಿಕೊಂಡು ಹೊರಟಿತು. ನಮ್ಮ ಮಧ್ಯಾಹ್ನದ ಊಟ ಗಂಭೀರವಾಗಿ ತಿರುವು ದಾಟಿ ಹೋಗುವುದನ್ನು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸಂಜೆಯ ಹೊತ್ತಿಗೆ ಮೀನು ಸಿಕ್ಕಿತು ಕಣೆ! ಅಂಗೈಯಷ್ಟು. ಆ ಜಿರಳೆಯನ್ನು ನಂಬಿತೆಂದರೆ ಅದರ ಬುದ್ಧಿಯ ಬಗ್ಗೆ ನನಗೆ ಅನುಮಾನವಿದೆ. ಕೋಲನ್ನು ಇಬ್ಬರೂ ಹಿಡಿದಿದ್ದೆವು. ಕೈ ಒದ್ದೆ ಮಾಡಿಕೊಂಡು ನೀರೊಳಗೇ ಮೀನನ್ನು ಹಿಡಿದು ಕೊಕ್ಕೆ ಬಿಡಿಸಿದಳು. ಅದು ಒಂದು ಕ್ಷಣ ಸುಮ್ಮನಿದ್ದು ಹೊರಟುಹೋಯಿತು. ಒದ್ದೆ ಬಟ್ಟೆ, ಖಾಲಿ ಹೊಟ್ಟೆ, ಉರಿಯುವ ಹಿಮ್ಮಡಿ. ಅಷ್ಟು ಸಂತೋಷ ನನಗೆ ಎಂದು ಆಗಿತ್ತೋ ನೆನಪಿಲ್ಲ.

ಈಗ ನಿನಗೊಬ್ಬಳಿಗೇ ಹೇಳುತ್ತೇನೆ. ಅವಳು ಹೋಗುವುದು ನನಗೆ ಬೇಡ. ಆದರೆ ಇರು ಅನ್ನಲು ನಾನು ಯಾರು? ಕೇಳಿದರೆ ದಾಕ್ಷಿಣ್ಯಕ್ಕೆ ಉಳಿದಾಳು, ಇಲ್ಲವೇ ಆಗಲ್ಲ ಅಂದಾಳು. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಅವಳ ಹೊಸ ಶಾಲೆಯ ಅಂಗಿಗಳನ್ನು ಹೊಲಿಯುತ್ತಿದ್ದೇನೆ. ನೀನು ಮಾತ್ರ ಉಸಿರಾಡಲು ಜಾಗ ಅಂತೆಲ್ಲ ಇನ್ನೊಮ್ಮೆ ಬರೆಯಬೇಡ.

ಭಾವನಿಗೆ ನಮಸ್ಕಾರ ಹೇಳು. ಕಾಗದವನ್ನು ಹುಡುಗಿಯ ಕೈಯಲ್ಲೇ ಅಂಚೆಗೆ ಕಳಿಸುತ್ತೇನೆ, ಹಿಮ್ಮಡಿ ನನ್ನನ್ನು ಅಲ್ಲಿವರೆಗೆ ಬಿಡುವುದಿಲ್ಲ.

ಕುಂಟುತ್ತಿರುವ,
ನಿನ್ನ ತಂಗಿ

ವಿ.ಸೂ.: ದೊಡ್ಡಮ್ಮ, ಕೈಬರಹ ಬೇರೆ ಅಂತ ಗಾಬರಿ ಆಗಬೇಡಿ, ಇದು ನಾನು. ಲಕೋಟೆ ಸರಿಯಾಗಿ ಅಂಟಿರಲಿಲ್ಲ. ಓದಬಾರದಿತ್ತು, ಓದಿಬಿಟ್ಟೆ. ಅಂಚೆ ಕಚೇರಿಯವರ ಹತ್ತಿರ ಪೆನ್ನು, ಅಂಟು ಎರಡೂ ಇಸ್ಕೊಂಡಿದ್ದೀನಿ. ನೀರಲ್ಲಿ ಸ್ವಲ್ಪ ಕೂತೆ ಅಂತ ಬರೆದಿದ್ದಾರೆ. ಕೂತಿದ್ದಲ್ಲ, ದೊಪ್ಪಂತ ಬಿದ್ದಿದ್ದು. ವಾಪಸ್ ಬರುವಾಗ ನಾನು ನಿದ್ದೆ ಮಾಡ್ತಿದ್ದೀನಿ ಅಂದ್ಕೊಂಡು ಬಸ್ಸಲ್ಲಿ ಅವರು ಅತ್ತಿದ್ದನ್ನಂತೂ ಬರೆದೇ ಇಲ್ಲ. ನಾನು ನಿದ್ದೆ ಮಾಡ್ತಿರಲಿಲ್ಲ. ನಿನ್ನೆ ಅಜ್ಜಿಗೆ ಫೋನ್ ಮಾಡಿ, ರಜೆಗೆ ಮಾತ್ರ ಬರ್ತೀನಿ, ಶಾಲೆ ಇಲ್ಲೇ ಅಂತ ಹೇಳಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಎದುರಿಗೆ ನಿಂತು ಹೇಳೋಕೆ ನಾಚಿಕೆ. ನೀವೇ ಬೇಗ ಕಾಗದ ಬರೆದು ತಿಳಿಸಿಬಿಡಿ, ದಯವಿಟ್ಟು.

ಇಂತಿ,
ನಿಮ್ಮ ತಂಗಿಯ ಮಗಳು