ಅದಲುಬದಲಾದ ಚೀಟಿ

ಮಂಗಳವಾರ, ಜುಲೈ ೯

ಕೋಪ ಇನ್ನೂ ಇಳಿದಿಲ್ಲ. ತರಗತಿಯ ಪ್ರಯೋಗಕ್ಕೆಂದು ಕಪಾಟಿನ ಕತ್ತಲಲ್ಲಿಟ್ಟ ಹೆಸರುಕಾಳಿನ ಸಸಿ, ಬೆಳಕು ಹುಡುಕುತ್ತ, ಕಿಟಕಿಯಲ್ಲಿಟ್ಟದ್ದಕ್ಕಿಂತ ಉದ್ದ ಬೆಳೆದಿತ್ತು. ಯಾಕೆಂದು ಮಕ್ಕಳೇ ತಲೆ ಕೆಡಿಸಿಕೊಳ್ಳಲಿ ಎಂದು ಕಾದಿದ್ದೆ. ಇವತ್ತು ನೋಡಿದರೆ ಎರಡೂ ಲೋಟಗಳ ಚೀಟಿ ಅದಲುಬದಲು! ಬಿಳಿಚಿಕೊಂಡ ಸಸಿಗೆ ‘ಬೆಳಕು’ ಎಂಬ ಚೀಟಿ. ತರಗತಿ ನೋಡಲು ಬಂದ ಹೆಡ್‌ಮೇಡಂ, “ಭೇಷ್, ಪುಸ್ತಕದಲ್ಲಿರೋ ಹಾಗೇ ಬಂದಿದೆ” ಎಂದು ನನ್ನ ಬೆನ್ನು ತಟ್ಟಿದರು. ಮೈಯೆಲ್ಲ ಉರಿದುಹೋಯಿತು.

ಅವರು ಹೋದ ಮೇಲೆ ಮಕ್ಕಳನ್ನು ಗದರಿದೆ. ಲೀಡರ್ ಹುಡುಗಿ ಎದ್ದು ನಿಂತಳು. “ಬೆಳಕಲ್ಲೇ ಚೆನ್ನಾಗಿ ಬೆಳೆಯುತ್ತೆ ಅಂತ ಪುಸ್ತಕದಲ್ಲಿದೆ ಮಿಸ್. ನಿಮ್ಮ ಪ್ರಯೋಗ ತಪ್ಪಾಗಿತ್ತಲ್ಲ, ಮೇಡಂ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ನಾವೇ ಸರಿ ಮಾಡಿದ್ವಿ.”

ಇಷ್ಟು ದಿನ ಕಣ್ಣಾರೆ ನೋಡಿ, ಕಣ್ಣಾರೆ ನೋಡಿ ಎಂದು ಬಾಯಿ ಬಡಿದುಕೊಂಡೆ. ನೋಡಿದ್ದಾರೆ. ನೋಡಿ, ನನ್ನ ಮೇಲೆ ಕನಿಕರಪಟ್ಟಿದ್ದಾರೆ. ನಾಳೆ ಯಾವ ಬಾಯಲ್ಲಿ ಮತ್ತೆ ‘ಕಣ್ಣಾರೆ ನೋಡಿ’ ಅನ್ನಲಿ?